‘ವಾಚ್ ಹಿಡಿಯೋ ಕೆಲಸ ನನ್ ಮಗಳಿಗೆ ಬೇಡ’

(ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ತಾಯಿ-ಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.)

ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆಯಾದ ಮರುದಿನ ತಾಯಿ-ಮಗಳು ಸಲಹೆ ಕೇಳಲು ನನ್ನಲ್ಲಿಗೆ ಬಂದರು. ಮಗಳನ್ನು ಸುಮಾ ಎಂದು ಕರೆಯೋಣ. ಕಂಪ್ಯೂಟರ್ ಸೈನ್ಸ್ ಕೈತಪ್ಪಿತ್ತು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್, ಅಂದರೆ ಐಇಎಂ ಸಿಕ್ಕಿತ್ತು. ಸಿಕ್ಕ ಸೀಟನ್ನು ಏನು ಮಾಡುತ್ತೇವೆಂದು ತಿಳಿಸುವ ‘ಚಾಯ್ಸ್’ ಕೊಡಲು ಮೂರು ದಿನ ಉಳಿದಿತ್ತು. ಸೋದರಮಾವ ಫೋನ್‌ನಲ್ಲೇ ತೀರ್ಪು ಕೊಟ್ಟಿದ್ದರು: “ಯಾರೂ ಕೇಳದ ಬ್ರಾಂಚು, ಬಿಟ್ಟುಬಿಡಿ.”

ಈ ಬ್ರಾಂಚಿನ ಹೆಸರು ಕೇಳಿದರೆ ಸಾಮಾನ್ಯವಾಗಿ ಹೆತ್ತವರು “ಇದೇನು ಮೇಡಂ, ಮೆಕ್ಯಾನಿಕಲ್ಲಾ, ಎಂಬಿಎನಾ?” ಎಂದು ಕೇಳುತ್ತಾರೆ. ಈ ತಾಯಿ ಹಾಗೆ ಕೇಳಲಿಲ್ಲ. ಅವರು 16 ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರ್ ಯಾರೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಲೈನಲ್ಲಿ ಐಇ ಸಾರ್ ಬಂದು ಬೆನ್ನ ಹಿಂದೆ ವಾಚ್ ಹಿಡ್ಕೊಂಡು ನಿಂತ್ಕೋತಾರೆ ಮೇಡಂ. ಮಾರನೇ ದಿನ ಟಾರ್ಗೆಟ್ ಜಾಸ್ತಿ ಆಗಿರುತ್ತೆ. ನೀರು ಕುಡಿಯೋಕೂ ಏಳೋ ಹಂಗಿಲ್ಲ. ವಾಚ್ ಹಿಡಿಯೋ ಕೆಲಸ ನನ್ ಮಗಳಿಗೆ ಬೇಡ.”

ಸುಮಾ ತಲೆ ತಗ್ಗಿಸಿದ್ದಳು. ನಾನು ಅಲ್ಲಿ ಆತುರಪಟ್ಟೆ. ಸಂಬಳ, ಪ್ಲೇಸ್‌ಮೆಂಟು, ಆಫೀಸು ಕೆಲಸ ಅಂತೆಲ್ಲ ಹೇಳತೊಡಗಿದೆ. ತಾಯಿ ಸೆರಗು ಸರಿಮಾಡಿಕೊಂಡು ಸುಮ್ಮನಾಗಿಬಿಟ್ಟರು. ಅವರು ಎತ್ತಿದ್ದು ದುಡ್ಡಿನ ಪ್ರಶ್ನೆಯಲ್ಲ; ತನ್ನ ಬೆನ್ನ ಹಿಂದೆ ನಿಂತವರ ಜಾಗದಲ್ಲಿ ಮಗಳನ್ನು ನೋಡಲಾರೆ ಅನ್ನುವ ಸಂಕಟ. ಅದಕ್ಕೆ ಪ್ಯಾಕೇಜಿನ ಅಂಕಿ ಉತ್ತರವಾಗುವುದಿಲ್ಲ.

ಮಾತು ಬದಲಿಸಿ ಅವರ ಕೆಲಸದ ಬಗ್ಗೆ ಕೇಳಿದೆ. ಅವರು ಕಾಲರ್ ಕೂರಿಸುತ್ತಾರೆ. ನನ್ನ ಮೇಜಿನ ಮೇಲಿದ್ದ ಎರಡು ಫೈಲು ಎಳೆದುಕೊಂಡು ತೋರಿಸಿದರು. “ಬಂಡಲ್ ಬಲಗಡೆ ಬರುತ್ತೆ. ನಾನು ಎಡಗಡೆಗೆ ತಿರುಗಿಸಿ ಇಟ್ಕೋತೀನಿ. ಆಗ ಪೀಸ್ ಎತ್ತಿದ ಕೈಯಲ್ಲೇ ಸೂಜಿ ಕೆಳಗೆ ಹೋಗುತ್ತೆ, ಮಗುಚೋದು ತಪ್ಪುತ್ತೆ. ಸಂಜೆ ಹೊತ್ತಿಗೆ ಭುಜ ನೋಯಲ್ಲ.” ಇಷ್ಟು ಹೇಳುವಾಗ ಅವರ ಎರಡೂ ಕೈ ಮೇಜಿನ ಮೇಲೆ ಓಡಾಡುತ್ತಿದ್ದವು. ಮಗಳು ಅಮ್ಮನ ಕೈಯನ್ನೇ ನೋಡುತ್ತಿದ್ದಳು.

ನನ್ನ ಕೋಣೆಯ ಕಪಾಟಿನಲ್ಲಿ ಪ್ರತಿ ಬ್ರಾಂಚಿನದೂ ಒಂದೆರಡು ಹಳೆಯ ಪಠ್ಯಪುಸ್ತಕ ಇಟ್ಟಿದ್ದೇನೆ, ಅವೆನ್ಯೂ ರಸ್ತೆಯಲ್ಲಿ ಕೊಂಡವು. ಬ್ರಾಂಚಿನ ಬಗ್ಗೆ ಹತ್ತು ಜನರ ಅಭಿಪ್ರಾಯ ಕೇಳುವುದಕ್ಕಿಂತ ಅದರ ಪುಸ್ತಕದ ಒಂದು ಅಧ್ಯಾಯ ಓದುವುದು ಮೇಲು ಎಂಬುದು ನನ್ನ ಗಟ್ಟಿ ನಂಬಿಕೆ. ಕೆಲಸ ಮಾಡುವ ರೀತಿ, ಹಿಡಿಯುವ ಹೊತ್ತು ಎರಡನ್ನೂ ಅಧ್ಯಯನ ಮಾಡುವ ‘ವರ್ಕ್ ಸ್ಟಡಿ’ಯ ಪುಸ್ತಕವನ್ನು ಸುಮಾಳ ಕೈಗಿತ್ತು, “ಟೈಮ್ ಸ್ಟಡಿ ಅಧ್ಯಾಯ ಓದು. ಅರ್ಥವಾದಷ್ಟನ್ನು ಅಮ್ಮನಿಗೆ ಹೇಳು. ನಾಡಿದ್ದು ಇಬ್ಬರೂ ಬನ್ನಿ” ಎಂದೆ. ಅವಳಿಗೆ ಒಂದು ಪ್ರಶ್ನೆಯನ್ನೂ ಕೊಟ್ಟೆ: ಇಷ್ಟವಿತ್ತೆಂದು ಈ ಆಪ್ಷನ್ ಹಾಕಿದ್ದೋ, ಸಿಕ್ಕಿದೆಯೆಂದು ಈಗ ಇಷ್ಟಪಡುತ್ತಿರುವುದೋ?

ಎರಡನೇ ಭೇಟಿಗೆ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕವಿತ್ತು. ಆ ಪುಟವನ್ನು ನಾನು ಮರೆಯಲಾರೆ.

ವಾಚಿನಲ್ಲಿ ಒಂದು ಪೀಸಿಗೆ 40 ಸೆಕೆಂಡು ಬಂತು ಅನ್ನಿ. ಅದನ್ನೇ ಹಿಡಿದರೆ ಗಂಟೆಗೆ 90 ಪೀಸು. ಆದರೆ ವಾಚಿನಲ್ಲಿ ಬಂದದ್ದೇ ಟಾರ್ಗೆಟ್ ಅಲ್ಲ. ಅಳೆದದ್ದು ಕೈಚುರುಕಿನ ಟೈಲರನ್ನಾದರೆ ಆ ವೇಗಕ್ಕೆ ರೇಟಿಂಗ್ ಕೊಡಬೇಕು. ಸಾಮಾನ್ಯ ವೇಗ 100, ಇವರದು 120 ಎಂದಾದರೆ ಸಾಮಾನ್ಯ ವೇಗದವರಿಗೆ 48 ಸೆಕೆಂಡು ಬೇಕು. ಅದರ ಮೇಲೆ ಅಲೋವೆನ್ಸ್: ನೀರು, ಶೌಚಾಲಯ, ದಣಿವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಕ್ ಸ್ಟಡಿ ಕೋಷ್ಟಕದಲ್ಲಿ ಹೆಂಗಸರಿಗೆ ಸ್ವಂತ ಅಗತ್ಯಕ್ಕೆ ಶೇ 7, ಮೂಲ ದಣಿವಿಗೆ ಶೇ 4 ಎಂದಿದೆ. ನಿಂತು ಮಾಡುವ ಕೆಲಸ, ಗದ್ದಲ, ಮಂದ ಬೆಳಕು ಇದ್ದರೆ ಇನ್ನೂ ಸೇರುತ್ತದೆ. ಬರೀ ಶೇ 11 ಸೇರಿಸಿದರೂ ಪೀಸಿಗೆ 53 ಸೆಕೆಂಡು ದಾಟುತ್ತದೆ. ಗಂಟೆಗೆ 67 ಪೀಸು.

ತಾಯಿ ಎರಡು ಸಲ ಕೇಳಿದರು: “ನೀರು ಕುಡಿಯೋ ಟೈಮು ಪುಸ್ತಕದಲ್ಲೇ ಬರೆದವ್ರಾ?”

“ಹೂಂ ಅಮ್ಮ. ಅದನ್ನ ಸೇರಿಸದೆ ಟಾರ್ಗೆಟ್ ಹಾಕಿದ್ರೆ ಲೆಕ್ಕವೇ ತಪ್ಪು.”

“ಹಂಗಾದ್ರೆ 90ಕ್ಕೂ 67ಕ್ಕೂ ನಡುವೆ ಇರೋದು ನಮ್ ಮೈ.”

ಇಪ್ಪತ್ತಮೂರು ಪೀಸಿನ ಅರ್ಥವನ್ನು ಇಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಹೇಳಿದ್ದನ್ನು ನಾನು ಕಂಡಿಲ್ಲ.

ಅವರ ಸಿಟ್ಟು ಹೊಸದಲ್ಲ ಎಂದೂ ಹೇಳಿದೆ. ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯುವುದನ್ನು ಬೆಳೆಸಿದವನು ಅಮೆರಿಕದ ಫ್ರೆಡರಿಕ್ ಟೇಲರ್. ಅವನ ಪದ್ಧತಿಯ ವಿರುದ್ಧ 1911ರಲ್ಲೇ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಮುಷ್ಕರ ಹೂಡಿದ್ದರು. ಮುಂದೆ ಅಲ್ಲಿನ ಸಂಸತ್ತು ಸೈನ್ಯದ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ತಡೆ ಹಾಕಿತು. ಅದೇ ಕಾಲದ ಫ್ರಾಂಕ್ ಗಿಲ್‌ಬ್ರೆತ್ ಗಾರೆ ಕೆಲಸದವರು ಪ್ರತಿ ಇಟ್ಟಿಗೆಗೂ ಬಗ್ಗುವುದನ್ನು ನೋಡಿ, ಇಟ್ಟಿಗೆಯನ್ನೇ ಸೊಂಟದ ಎತ್ತರಕ್ಕೆ ತಂದ. ಒಂದು ಇಟ್ಟಿಗೆಗೆ ಬೇಕಿದ್ದ 18 ಚಲನೆಗಳು ಸುಮಾರು ಐದಕ್ಕೆ ಇಳಿದವು. ಅವನ ಹೆಂಡತಿ ಲಿಲಿಯನ್ ಮನಃಶಾಸ್ತ್ರ ಓದಿದವರು, 12 ಮಕ್ಕಳ ತಾಯಿ. ದಣಿವನ್ನೇ ಅಧ್ಯಯನದ ವಿಷಯ ಮಾಡಿಕೊಂಡರು, ಅಡುಗೆಮನೆಯ ಕೆಲಸವನ್ನೂ ಅಳೆದು ಸುಲಭ ಮಾಡಿದರು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದರು. ಹಾಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ. ಬಂಡಲನ್ನು ಎಡಕ್ಕೆ ತಿರುಗಿಸಿಟ್ಟ ನಿಮ್ಮ ಕೆಲಸ ಗಿಲ್‌ಬ್ರೆತ್ ದಂಪತಿಯ ದಾರಿಯದು ಎಂದಾಗ ತಾಯಿ ಮೊದಲ ಸಲ ನಕ್ಕರು.

ನನ್ನ ಪ್ರಶ್ನೆಗೆ ಸುಮಾ ಪ್ರಾಮಾಣಿಕವಾಗಿ ಉತ್ತರಿಸಿದಳು. ಇದು ಅವಳ 14ನೇ ಆಪ್ಷನ್. ರ‍್ಯಾಂಕ್ ನೋಡಿ ತುಂಬಿದ್ದು. “ಆದ್ರೆ ಈ ಅಧ್ಯಾಯ ಮುಗಿಸಿದ ಮೇಲೆ ಮುಂದಿನದೂ ಓದ್ದೆ ಮೇಡಂ.” ನನಗೆ ಬೇಕಿದ್ದ ಸುಳಿವು ಅದು.

ಆಮೇಲೆ ಸಲಹೆ. ಗಣಿತ ತಪ್ಪಿಸಿಕೊಳ್ಳಲು ಈ ಬ್ರಾಂಚಿಗೆ ಬರಬೇಡ ಎಂದು ಮೊದಲೇ ಹೇಳಿದೆ. ವರ್ಕ್ ಸ್ಟಡಿ ಇದರ ಒಂದು ಮೂಲೆ ಅಷ್ಟೆ. ಸಂಖ್ಯಾಶಾಸ್ತ್ರ, ಗುಣಮಟ್ಟ ನಿಯಂತ್ರಣ, ಆಪರೇಷನ್ಸ್ ರಿಸರ್ಚ್ (ಇರುವ ಆಳು, ಯಂತ್ರ, ಹೊತ್ತನ್ನು ಚೆನ್ನಾಗಿ ಬಳಸುವ ದಾರಿಯನ್ನು ಗಣಿತದಿಂದ ಹುಡುಕುವುದು), ಸಪ್ಲೈ ಚೈನ್, ಸಿಮ್ಯುಲೇಷನ್ ಇದರ ಬೆನ್ನೆಲುಬು. ಕೋಡಿಂಗ್ ಕೂಡ ಬಿಡುವಂತಿಲ್ಲ. ದೊಡ್ಡ ಲೆಕ್ಕಗಳನ್ನು ಈಗ ಕಂಪ್ಯೂಟರಿನಲ್ಲೇ ಬಿಡಿಸುತ್ತಾರೆ. ಕಾರ್ಖಾನೆಯಲ್ಲಿ ಕಲಿತದ್ದು ಆಸ್ಪತ್ರೆಯ ಹೊರರೋಗಿಗಳ ಸರದಿಗೂ, ಗೋದಾಮಿಗೂ, ಬಸ್ ವೇಳಾಪಟ್ಟಿಗೂ ಹೊಂದುತ್ತದೆ.

ಕಹಿ ಮಾತನ್ನೂ ಮುಚ್ಚಿಡಲಿಲ್ಲ. ಕ್ಯಾಂಪಸ್‌ಗೆ ಬರುವ ಕಂಪನಿಗಳ ಪಟ್ಟಿಯಲ್ಲಿ ‘ಐಇಎಂ’ ಎಂದು ಬರೆದಿರುವುದು ಕಡಿಮೆ. ಎಲ್ಲ ಬ್ರಾಂಚಿಗೂ ತೆರೆದಿರುವ ಅನಾಲಿಟಿಕ್ಸ್, ಸಾಫ್ಟ್‌ವೇರ್ ಕೆಲಸಗಳಿಗೆ ಹೋಗುವವರು ಬಹಳ. ಸರ್ಕಾರಿ ನೇಮಕಾತಿಯಲ್ಲಿ ಕೆಲವು ಕಡೆ ಇದನ್ನು ಮೆಕ್ಯಾನಿಕಲ್ ಜೊತೆ ಸೇರಿಸುತ್ತಾರೆ, ಕೆಲವು ಕಡೆ ಸೇರಿಸುವುದಿಲ್ಲ. ಪ್ರತಿ ಅಧಿಸೂಚನೆಯನ್ನೂ ಓದಲೇಬೇಕು. ಮುಂದೆ ಓದಲು ದಾರಿಯಿದೆ: ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್ ಪತ್ರಿಕೆಯೇ ಇದೆ. ಇದೇ ವಿಷಯಕ್ಕೆಂದು 1963ರಲ್ಲಿ ಮುಂಬೈಯಲ್ಲಿ ಶುರುವಾದ ನಿಟಿ ಸಂಸ್ಥೆ 2023ರಲ್ಲಿ ಐಐಎಂ ಮುಂಬೈ ಆಗಿದೆ.

ಚಾಯ್ಸ್ 3 ಬೇಡ ಎಂದೆ. ಮಾವ ಹೇಳಿದ್ದು ಅದನ್ನೇ: ಸಿಕ್ಕ ಸೀಟು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ಮೇಲಿನ 13ರಲ್ಲಿ ಯಾವುದಾದರೂ ನಿಜಕ್ಕೂ ಬೇಕಿದ್ದರೆ ಚಾಯ್ಸ್ 2, ಅಂದರೆ ಈ ಸೀಟು ಉಳಿಸಿಕೊಂಡೇ ಮುಂದಿನ ಸುತ್ತು ನೋಡುವುದು; ಇಲ್ಲವಾದರೆ 1, ಅಂದರೆ ಇದನ್ನೇ ಒಪ್ಪಿ ಸೇರುವುದು. ಅದಕ್ಕೂ ಮೊದಲು ಕಾಲೇಜಿಗೆ ಹೋಗಿ ಅಂತಿಮ ವರ್ಷದವರನ್ನು ಹುಡುಕಿ, ಎಷ್ಟು ಜನ ಕಾರ್ಖಾನೆಗೆ ಹೋಗಿ ಪ್ರಾಜೆಕ್ಟ್ ಮಾಡಿದ್ದೀರಿ, ಎಷ್ಟು ಜನ ರಿಪೋರ್ಟ್ ಕೊಂಡುತಂದಿದ್ದೀರಿ ಎಂದು ಕೇಳು ಎಂದೆ.

ತಾಯಿ ಎದ್ದವರು ಮತ್ತೆ ಕೂತರು. ಆ ಪುಟವನ್ನು ಲೈನಿನವರಿಗೆ ತೋರಿಸಬಹುದಾ ಎಂದು ಕೇಳಿದರು. ತೋರಿಸಿ, ಆದರೆ ಸೂಪರ್‌ವೈಸರ್ ಮುಂದೆ ಒಬ್ಬರೇ ಹೋಗಿ ವಾದಿಸಬೇಡಿ. ಕೆಲಸಗಾರರೂ ಆಡಳಿತದವರೂ ಕೂರುವ ವರ್ಕ್ಸ್ ಕಮಿಟಿ ಇದ್ದರೆ ನಾಲ್ಕು ಜನ ಸೇರಿ ಅಲ್ಲಿಡಿ ಎಂದೆ. ಸುಮಾ ಅಲ್ಲೇ ಕೂತು ಲೆಕ್ಕವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು.

ಮರುದಿನ ಕಾಲೇಜಿಗೆ ಹೋಗಿ ಬಂದವಳೇ ಚಾಯ್ಸ್ 1 ಕೊಟ್ಟಳು. ದಸರಾ ಹೊತ್ತಿಗೆ ತಾಯಿ ಫೋನ್ ಮಾಡಿದ್ದರು. ಮೊದಲ ವರ್ಷ ಬರೀ ಗಣಿತ, ಭೌತಶಾಸ್ತ್ರವಂತೆ, ಮಗಳು ಗೊಣಗುತ್ತಾಳೆ ಎಂದರು. ಅವರಿಗೆ ಕೇಳಬೇಕಾಗಿದ್ದದ್ದು ಬೇರೆ.

“ಇವಳ ಕೈಗೆ ವಾಚ್ ಯಾವಾಗ ಕೊಡ್ತಾರೆ ಮೇಡಂ?”