ಹೋಂವರ್ಕ್‌ಗೆ ವೇಡ್ರಾಯ್ಡ್ ಸಾಕು, ದುಡ್ಡಿಗೆ ಬೇಡ

ಪ್ರಶ್ನೆ: ನನ್ನ ಹಳೇ ಒನ್‌ಪ್ಲಸ್ 6ಕ್ಕೆ ಆಂಡ್ರಾಯ್ಡ್ ತೆಗೆದು ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಲಿನಕ್ಸ್ ಹಾಕಿಕೊಂಡಿದ್ದೇನೆ. ಆದರೆ ಮಗಳ ಹೋಂವರ್ಕ್ ಬರುವುದು ಶಾಲೆಯ ಆಂಡ್ರಾಯ್ಡ್ ಆಪ್‌ನಲ್ಲಿ. ವೇಡ್ರಾಯ್ಡ್ ಹಾಕಿದರೆ ಆಗುತ್ತಾ? ಯುಪಿಐ ಕೂಡ ನಡೆಯುತ್ತಾ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಶಾಲೆಯ ಆಪ್ ಬಹುಶಃ ನಡೆಯುತ್ತದೆ. ಯುಪಿಐ ನಂಬಬೇಡಿ.

ವೇಡ್ರಾಯ್ಡ್ ಅಂದರೆ ಲಿನಕ್ಸ್‌ನಲ್ಲಿ ಆಂಡ್ರಾಯ್ಡ್ ಆಪ್‌ಗಳನ್ನು ನಡೆಸುವ ತಂತ್ರಾಂಶ. ಅದು ಫೋನಿನೊಳಗೆ ಇನ್ನೊಂದು ನಕಲಿ ಫೋನ್ ಅಲ್ಲ. ನಮ್ಮ ದಾವಣಗೆರೆಯ ಹಳೇ ವಠಾರ ನೆನಪಿಸಿಕೊಳ್ಳಿ. ಮನೆಗಳ ಬಾಗಿಲು ಬೇರೆ ಬೇರೆ, ಬೋರ್‌ವೆಲ್ ಮಾತ್ರ ಒಂದೇ. ಇಲ್ಲಿ ಬೋರ್‌ವೆಲ್ ಅಂದರೆ ಲಿನಕ್ಸ್ ಕರ್ನಲ್, ಫೋನಿನ ಚಿಪ್, ಮೆಮೊರಿಗಳನ್ನು ನಡೆಸುವ ಮೂಲ ಭಾಗ. ಪಕ್ಕದ ಮನೆಯಲ್ಲಿ ಲಿನಿಯೇಜ್‌ಓಎಸ್ ಎಂಬ ಆಂಡ್ರಾಯ್ಡ್ ವಾಸ ಇರುತ್ತದೆ. ನಿಮ್ಮ ಫೋನಿನದೂ ಆರ್ಮ್ ಚಿಪ್, ಆಪ್‌ಗಳೂ ಅದಕ್ಕೇ ಬರೆದವು. ಹಾಗಾಗಿ ನಡುವೆ ಅನುವಾದದ ಕೆಲಸ ಇಲ್ಲ, ವೇಗ ಚೆನ್ನಾಗಿರುತ್ತದೆ. ಆದರೆ ರ‍್ಯಾಮ್ ಬೇಕು. ನನ್ನ ರಿಪೇರಿ ಟೇಬಲ್ ಮೇಲಿರುವ ಪೈನ್‌ಫೋನ್ ಎಂಬ 2 ಜಿಬಿಯ ಲಿನಕ್ಸ್ ಫೋನಿನಲ್ಲಿ ಆಂಡ್ರಾಯ್ಡ್ ಏಳುವಷ್ಟರಲ್ಲಿ ಟೀ ಕುಡಿದು ಲೋಟ ಕೆಳಗಿಟ್ಟಿದ್ದೆ. ನಿಮ್ಮದರಲ್ಲಿ 6 ಅಥವಾ 8 ಜಿಬಿ ಇದೆ, ಚಿಂತೆ ಬೇಡ.

ಮೊದಲ ಸಲ ಹಾಕುವಾಗ ಎರಡು ಬಗೆಯ ಇಮೇಜ್ (ಆಂಡ್ರಾಯ್ಡ್‌ನ ಸಿದ್ಧ ಪ್ರತಿ) ಸಿಗುತ್ತದೆ, ಗೂಗಲ್ ಇರುವುದು ಮತ್ತು ಇಲ್ಲದ್ದು. ಇಲ್ಲದ್ದನ್ನೇ ಮೊದಲು ಹಾಕಿ ನೋಡಿ. ಶಾಲೆಯ ಆಪ್ ಅದರಲ್ಲಿ ತೆರೆಯದೇ ಹೋದರೆ ಮಾತ್ರ ಗೂಗಲ್ ಇರುವುದು. ಅದಕ್ಕೆ ವೇಡ್ರಾಯ್ಡ್‌ನೊಳಗಿನ ಆಂಡ್ರಾಯ್ಡ್ ಐಡಿ ಎಂಬ ಸಂಖ್ಯೆಯನ್ನು ಗೂಗಲ್ ಪುಟದಲ್ಲಿ ನೀವೇ ನೋಂದಾಯಿಸಬೇಕು, ಇಲ್ಲದಿದ್ದರೆ ಪ್ಲೇ ಸ್ಟೋರ್ ಒಳಗೆ ಬಿಡುವುದಿಲ್ಲ. ಹೋಂವರ್ಕ್ ನೋಡಿ ಆದಮೇಲೆ ವೇಡ್ರಾಯ್ಡ್ ಸೆಷನ್ ನಿಲ್ಲಿಸಿಬಿಡಿ, ಅಂದರೆ ಒಳಗಿನ ಆಂಡ್ರಾಯ್ಡ್ ಆಫ್ ಮಾಡಿ. ನಾನೊಮ್ಮೆ ಮರೆತು ಜೇಬಿಗಿಟ್ಟು ಬಸ್ ಹತ್ತಿದ್ದೆ. ಚಿತ್ರದುರ್ಗದಲ್ಲಿ ಇಳಿಯುವಾಗ ಫೋನ್ ಬಿಸಿ ಹಂಚಿನ ಹಾಗಿತ್ತು, ಚಾರ್ಜ್ ಖಾಲಿ. ಸೆಷನ್ ನಿಂತಿದ್ದಾಗ ಆಪ್‌ನ ಸೂಚನೆಗಳು ಬರುವುದಿಲ್ಲ, ಸಂಜೆ ಒಂದು ಸಲ ನೀವೇ ತೆರೆದು ನೋಡಬೇಕು. ಈ ಮನೆಯೊಳಗಿನ ಆಪ್‌ಗೆ ಹೊರಗಿನ ನಿಮ್ಮ ಫೋನ್‌ಬುಕ್ ತಾನಾಗಿ ಕಾಣುವುದಿಲ್ಲ. ನನಗೆ ಇದು ದೊಡ್ಡ ಸಮಾಧಾನ. ಮಗುವಿನ ಹೋಂವರ್ಕ್ ನೋಡಲು ನೆಂಟರಿಷ್ಟರ ನಂಬರೆಲ್ಲ ಯಾಕೆ ಕೊಡಬೇಕು, ಅಲ್ವಾ?

ಇನ್ನು ಯುಪಿಐ. ಆ ಆಪ್ ಮೊದಲು ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಫೋನನ್ನು ಗುರುತು ಹಿಡಿಯುತ್ತದೆ. ವೇಡ್ರಾಯ್ಡ್‌ಗೆ ಸಿಮ್ ಕೈಗೆ ಸಿಗುವುದೇ ಇಲ್ಲ. ಸಾಲದ್ದಕ್ಕೆ ಸಾಧನ ಅಸಲಿಯೇ ಎಂಬ ಗೂಗಲ್ ಪರೀಕ್ಷೆಯಲ್ಲೂ ಫೇಲ್. ಇದನ್ನು ಮರೆಮಾಚುವ ಉಪಾಯಗಳನ್ನು ಯಾರಾದರೂ ಹೇಳಿಕೊಡಬಹುದು, ಕೇಳಬೇಡಿ. ಅದು ನಿಮ್ಮ ದುಡಿಮೆಯ ದುಡ್ಡು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಮನೆಯ ಕೀಪ್ಯಾಡ್ ಫೋನಿಗೆ ಹಾಕಿ *99# ಒತ್ತಿ. ಇಂಟರ್ನೆಟ್ ಇಲ್ಲದೆಯೇ ಯುಪಿಐ ಆಗುತ್ತದೆ, ಒಂದು ಸಲಕ್ಕೆ 5,000 ರೂಪಾಯಿವರೆಗೆ.

ಇಷ್ಟೆಲ್ಲ ಮಾಡುವ ಮೊದಲು ಮಗಳ ಕ್ಲಾಸ್ ಟೀಚರ್ ಹತ್ತಿರ ಒಂದು ಮಾತು ಕೇಳಿ: ಅದೇ ಹೋಂವರ್ಕ್ ಬ್ರೌಸರ್‌ನಲ್ಲಿ ತೆರೆಯುವ ಪುಟ ಇದೆಯಾ ಅಂತ.