ಫ್ಲಡ್‌ಲೈಟ್ ಕೆಳಗೆ ಓಡಿದರೆ ಅಸಲಿ ಕಂಬಳ ಅಲ್ವಾ?

ಪ್ರಶ್ನೆ: ಗೆಳತಿಯರ ಜೊತೆ ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ಹೋಗಿದ್ದೆ. ಫ್ಲಡ್‌ಲೈಟ್, ಮೈಕು, ಲೇಸರ್ ಟೈಮಿಂಗ್, ಐಸ್‌ಕ್ರೀಂ ಅಂಗಡಿ! ಹಳ್ಳಿಯ ಹಬ್ಬ ನೋಡಲು ಹೋಗಿ ಕ್ರಿಕೆಟ್ ಮ್ಯಾಚ್ ನೋಡಿ ಬಂದ ಹಾಗಾಯಿತು. ಅಸಲಿ ಕಂಬಳ ಎಲ್ಲಾದರೂ ಉಳಿದಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಲೈಟಿನ ಮೇಲೆ ಯಾಕೆ ಇಷ್ಟು ಸಿಟ್ಟು ಮಾರಾಯ್ರೇ? ಎರಡು ಜೋಡಿ ಕೋಣ ಒಟ್ಟಿಗೇ ಮಂಜೊಟ್ಟಿ, ಅಂದರೆ ಓಟ ಮುಗಿಯುವ ಜಾಗ, ಮುಟ್ಟಿದರೆ ಗೆದ್ದವರು ಯಾರು ಎಂದು ನಮ್ಮ ಕಡೆ ಜಗಳವೇ ಆಗುತ್ತಿತ್ತು. ಲೇಸರ್ ಬಂದದ್ದು ಅದಕ್ಕೆ. ಪ್ರವಾಸಿಗರಿಗೆ ತೋರಿಸಲು ತಂದದ್ದಲ್ಲ. ಹಿಂದೆ ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆ ಸಿಗುತ್ತಿತ್ತು. ಈಗ ಚಿನ್ನ. ಚಿನ್ನ ಅಂದಮೇಲೆ ಸೆಕೆಂಡಿನ ಲೆಕ್ಕ ಬೇಡವೇ?

ಊರಿನವರು ಅಸಲಿತನ ನೋಡುವುದು ಬೇರೆ ಕಡೆ. ಕೋಣ ಯಾವ ಮನೆಯದು, ಓಡಿಸುವವ ಯಾರು, ಹೋದ ವಾರ ಇದೇ ಜೋಡಿ ಯಾರಿಗೆ ಸೋತಿತು, ಕರೆಯ (ಕೋಣ ಓಡುವ ಕೆಸರಿನ ಹಾದಿ) ಬದಿಯಲ್ಲಿ ಇದೇ ಮಾತು. ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ಓಟದ ಹೊತ್ತಿಗೆ ಎಲ್ಲರ ಕಣ್ಣೂ ಮೇಲೆ ಕಟ್ಟಿದ ನಿಶಾನೆ ಬಟ್ಟೆಯ ಮೇಲೆ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಅದಕ್ಕೆ ತಾಗಿತೋ ಇಲ್ಲವೋ, ಅಷ್ಟೇ. ಆಗ ಐಸ್‌ಕ್ರೀಂ ಅಂಗಡಿ ಯಾರಿಗೂ ಕಾಣುವುದಿಲ್ಲ, ಐಸ್‌ಕ್ರೀಂ ಮಾರುವವನಿಗೂ.

2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆಯಿತಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕೋಣಗಳು ನಮ್ಮವೇ, ಓಡಿಸಿದವರೂ ನಮ್ಮವರೇ. ಆದರೆ ಗದ್ದೆ? ಎರಡು ದಿನಕ್ಕೆಂದು ಮಾಡಿದ ಕರೆ ಅದು. ಆದರೂ ಅಲ್ಲಿ ನೆಲೆಸಿದ ತುಳುವರಿಗೆ ಅದು ಊರ ಹಬ್ಬವೇ ಆಗಿತ್ತು. ಅದನ್ನು ನಕಲಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮಾತು. ‘ಹಿಂದಿನ ಹಾಗೇ ಇರಬೇಕು’ ಅನ್ನುವವರಿಗೆ ಹಿಂದೆ ಏನಿತ್ತು ಅನ್ನುವುದೂ ಗೊತ್ತಿರಲಿ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಇಬ್ಬನಿಯಲ್ಲಿ ಗದ್ದೆ ಬದಿ ಕೂರಿಸಿ ಡೋಲು ಬಾರಿಸಲು ಹಚ್ಚುತ್ತಿದ್ದರು. ಅದೂ ‘ಸಂಪ್ರದಾಯ’ವೇ. ಜಾತಿಯ ಹೆಸರಲ್ಲಿ ಕೊರಗರ ಮೇಲೆ ಹೇರಿದ, ಅಜಲು ಅನ್ನುವ ಇಂಥ ಚಾಕರಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಫೋಟೋಗೆ ಚೆಂದ ಕಾಣುವ ಹಳತನ್ನಷ್ಟೇ ಹುಡುಕಿ ಹೊರಟರೆ ಇವೆಲ್ಲ ಬಿಟ್ಟುಹೋಗುತ್ತವೆ.

ಸರಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉಡುಪಿ ಜಿಲ್ಲೆಯ ವಂಡಾರಿಗೆ ಹೋಗಿ. ಅಲ್ಲಿ ಪೈಪೋಟಿಗಿಂತ ಹರಕೆ ದೊಡ್ಡದು. ಕೆಲವು ಗುತ್ತಿನ ಮನೆಗಳ (ಊರಿನ ಹಳೆಯ ಯಜಮಾನಿಕೆಯ ಮನೆತನಗಳ) ಗದ್ದೆಯಲ್ಲಿ ಪೂಕರೆ ಕಂಬಳವೂ ನಡೆಯುತ್ತದೆ. ಕೋಣ ಇಳಿಸಿ ಓಡಿಸಿ, ಹೂವಿನಿಂದ ಸಿಂಗರಿಸಿದ ಅಡಿಕೆ ಮರದ ಕಂಬವನ್ನು ಗದ್ದೆ ನಡುವೆ ನೆಡುತ್ತಾರೆ. ಅದು ಮನೆಯವರ, ದೈವದ ಕೆಲಸ. ನಿಮಗೆ ವಿವರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮೊಬೈಲ್ ತೆಗೆಯುವಷ್ಟರಲ್ಲಿ ಓಟ ಮುಗಿದರೂ ಮುಗಿಯಿತು. ಮೊದಲು ಮನೆಯವರನ್ನು ಕೇಳಿಕೊಳ್ಳಿ, ಚಪ್ಪಲಿ ದೂರ ಬಿಡಿ, ಕೆಸರಾದರೆ ಬೇಜಾರಿಲ್ಲದ ಬಟ್ಟೆ ಹಾಕಿಕೊಳ್ಳಿ. ಊಟಕ್ಕೆ ಕರೆದರೆ ಬೇಡ ಅನ್ನಬೇಡಿ.