ರೂಮಿನವರನ್ನು ಸುಮ್ಮನಿರಿಸಲು ಸ್ಪ್ಯಾನಿಶ್‌ನಲ್ಲಿ ಏನನ್ನಬೇಕು?

ಬಾರ್ಸಿಲೋನಾದ ಹಾಸ್ಟೆಲಿನಲ್ಲಿ ರಾತ್ರಿ ಗಲಾಟೆ ಮಾಡುವ ರೂಮಿನವರಿಗೆ 'ಕಾಯಾತೆ' ಅನ್ನಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ಅದು ನೇರವಾಗಿ 'ಬಾಯಿ ಮುಚ್ಚು' ಅಂದ ಹಾಗೆ. ಗೆಳೆಯರ ನಡುವೆ ನಗುತ್ತಾ ಅಂದರೆ ನಡೆಯುತ್ತೆ, ಹೊಸಬರಿಗೆ ಅಂದರೆ ಜಗಳವೇ.

ಮೊದಲು 'ಪೆರ್ದೋನ್' ಅನ್ನಿ, ಅಂದರೆ ಕ್ಷಮಿಸಿ. ಆಮೇಲೆ 'ಪೊದೇಯ್ಸ್ ಅಬ್ಲಾರ್ ಮಾಸ್ ಬಾಹೊ, ಪೋರ್ ಫವೋರ್?' ಅಂತ ಕೇಳಿ. ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ ಅಂತ ಅರ್ಥ. ಇಷ್ಟಕ್ಕೇ ಸಾಮಾನ್ಯವಾಗಿ ಕೆಲಸ ಆಗುತ್ತೆ. 'ಪೊದೇಯ್ಸ್' ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಹೇಳುವ ರೂಪ. ಮೆಕ್ಸಿಕೊ ಕಡೆ ಹೋದರೆ ಅದರ ಜಾಗದಲ್ಲಿ 'ಪ್ವೇದೆನ್' ಅನ್ನಬೇಕು. ಹಾಡು ಜೋರಾಗಿದ್ದರೆ 'ತೆ ಇಂಪೊರ್ತಾರಿಯಾ ಬಾಹಾರ್ ಲಾ ಮೂಸಿಕಾ?' ಚೆನ್ನಾಗಿದೆ, ತುಂಬಾ ವಿನಯದ ಮಾತು. ಆದರೆ ಇದನ್ನು ಒಬ್ಬರಿಗೆ ಮಾತ್ರ ಹೇಳಬೇಕು.

ನಮ್ಮ ನೀನು, ನೀವು ಥರ ಅಲ್ಲೂ 'ತೂ', 'ಉಸ್ತೇದ್' ಇವೆ. ಹಾಗಂತ 'ಕಾಯೆಸೆ' ಅಂತ ಗೌರವದ ರೂಪ ಹಾಕಿದರೂ ಅದು ಅಪ್ಪಣೆಯೇ. ಮೆತ್ತಗಾಗುವುದಿಲ್ಲ. 'ಸಿಯೆರ್ರಾ ಎಲ್ ಪೀಕೊ' ಇನ್ನೂ ಒರಟು. 'ನಿನ್ನ ಕೊಕ್ಕು ಮುಚ್ಚು' ಅಂತ!

'ಕಾಯಾತೆ', 'ಕಾಯೆಸೆ'ಯ ಕ್ರಿಯಾಪದ ಎಷ್ಟು ಖಾರ ಅಂತ ತಿಳಿಯಬೇಕಾದರೆ 2007ರ ನವೆಂಬರ್ ನೆನಪಿಸಿಕೊಳ್ಳಿ. ಚಿಲಿಯ ಸ್ಯಾಂಟಿಯಾಗೊ ಶೃಂಗಸಭೆಯಲ್ಲಿ ಸ್ಪೇನಿನ ದೊರೆ ಹ್ವಾನ್ ಕಾರ್ಲೊಸ್, ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಜ್‌ಗೆ 'ಪೋರ್ ಕೇ ನೊ ತೆ ಕಾಯಾಸ್?' ಅಂದರು. ನೀನ್ಯಾಕೆ ಸುಮ್ನಿರಲ್ಲ ಅಂತ, ಅದೂ ಏಕವಚನದಲ್ಲಿ. ಜಗತ್ತಿನಾದ್ಯಂತ ಸುದ್ದಿಯಾಯ್ತು.

ನೀವು ನಾಳೆಯೂ ಅದೇ ರೂಮಿನಲ್ಲಿ ಮಲಗಬೇಕು, ಅಲ್ವಾ? ಹಾಗಾಗಿ ಎರಡು ಸಲ ಕೇಳಿದರೂ ನಿಲ್ಲದಿದ್ದರೆ ಬೈಯೋದಕ್ಕೆ ಹೋಗದೆ ರಿಸೆಪ್ಷನ್‌ಗೆ ತಿಳಿಸಿ.